ಹಿತ್ತಾಳೆಯ ಜಾಲರಿ

ದೋಣಿಯಣ್ಣ ತನ್ನ ತಮ್ಮನನ್ನು ಕ್ಷಮಿಸಿದ್ದ. ಹೊಳೆಯ ಎರಡು ದಡದಲ್ಲೂ ಈ ಸಂಗತಿ ಗೊತ್ತಿಲ್ಲದವರು ಇರಲಿಲ್ಲ. ಹೊಸಬರು ಯಾರಾದರೂ ದೋಣಿ ಹತ್ತಿ, ಚುಕ್ಕಾಣಿ ಹಿಡಿದ ಅವನ ಬಲಗೈಯಲ್ಲಿ ಎರಡು ಬೆರಳಿಲ್ಲದ್ದನ್ನು ಕಂಡು ಕಣ್ಣು ಬೇರೆ ಕಡೆ ತಿರುಗಿಸಿದರೆ, ಅವನೇ ಮಾತು ತೆಗೆಯುತ್ತಿದ್ದ.

"ನಡುಹೊಳೇಲಿ ಎಂಜಿನ್ ಕಾದು ಕಚ್ಕೊಂಡುಬಿಡ್ತು. ದೋಣಿ ಹರಿವಿಗೆ ಸಿಕ್ಕಿ ಕೆಳಗಿನ ಕಲ್ಲುಕಟ್ಟೆಗೆ ಹೋಯ್ತು. ಜನ ಕೂತಿದ್ರು, ತಡೆಯೋಕೆ ಅಂತ ಕೈ ಕೊಟ್ಟೆ. ಎಂಜಿನ್ ನೋಡ್ಕೋತಿದ್ದವನು ನನ್ನ ತಮ್ಮ. ಅವನೇನು ಬೇಕಂತ ಮಾಡಿದ್ನಾ? ನಾನು ಅವತ್ತೇ ಕ್ಷಮಿಸಿಬಿಟ್ಟೆ."

ಕೇಳಿದವರು 'ದೊಡ್ಡ ಮನಸ್ಸು ನಿಮ್ಮದು' ಅನ್ನುತ್ತಿದ್ದರು. ಅವನು ತಲೆ ತಗ್ಗಿಸುತ್ತಿದ್ದ. ಆ ತಗ್ಗಿಸುವಿಕೆಯಲ್ಲಿ ಸುಳ್ಳಿರಲಿಲ್ಲ. ಅವನು ದೇವರಿಗೆ ಹೆದರಿ ಬದುಕಿದ ಮನುಷ್ಯ. ಪ್ರತಿ ಸಲವೂ, ಅಂದು ಎಂಜಿನ್ ನಿಂತ ಜಾಗ ಬಂದಾಗ ಅವನ ತುಟಿ ಅಲುಗುತ್ತಿತ್ತು: 'ದೇವರೇ, ನನ್ನ ತಮ್ಮನ ತಪ್ಪನ್ನು ಮನ್ನಿಸು.' ಆ ಅವಘಡದ ಮೇಲೆ ದೋಣಿ ಅರ್ಧ ವೇಗದಲ್ಲೇ ಓಡುತ್ತಿತ್ತು. ಆದ್ದರಿಂದ ಮಾತು ಮುಗಿದು, ಹಿಂದೆಯೇ ಒಂದು ನಿಟ್ಟುಸಿರೂ ಮುಗಿಯುವಷ್ಟು ಹೊತ್ತು ಆ ಜಾಗ ಸಿಗುತ್ತಿತ್ತು.

ತಮ್ಮ ಮಾತ್ರ ನೀರಿನ ಹತ್ತಿರ ಮತ್ತೆ ಬರಲಿಲ್ಲ. ಪೇಟೆಬೀದಿಯ ಏರಿನಲ್ಲಿ ಒಂದು ಬಾಗಿಲಿನಷ್ಟು ಅಗಲದ ಅಂಗಡಿ ಹಿಡಿದು ಕೊಡೆ, ಬೀಗ, ಸ್ಟವ್ ರಿಪೇರಿ ಮಾಡಿಕೊಂಡು ಕೂತ. ಹೊಳೆ ದಾಟಬೇಕಾದರೆ ಮೇಲಿನ ಸೇತುವೆ ಸುತ್ತಿ ಹೋಗುತ್ತಿದ್ದ, ಅರ್ಧ ಹಗಲು ಕಳೆದರೂ ಸರಿಯೇ. ವರ್ಷಕ್ಕೊಮ್ಮೆ ದೋಣಿಗೆ ಬಣ್ಣ ಬಳಿದು ನೀರಿಗಿಳಿಸುವ ದಿನ ಅಣ್ಣ ಹೇಳಿಕಳಿಸುತ್ತಿದ್ದ: "ನನ್ನ ಮನಸ್ಸಲ್ಲಿ ಏನೂ ಇಲ್ಲ ಅನ್ನಿ. ಒಂದು ಸಲ ಬಂದು ದೋಣೀಲಿ ಕೂರ್ಲಿ." ತಮ್ಮ ಕೊಡೆಯ ಕಡ್ಡಿ ಬಗ್ಗಿಸುತ್ತಲೇ, "ಆಗ್ಲಿ ಅನ್ನಿ" ಎನ್ನುತ್ತಿದ್ದ. ಬರುತ್ತಿರಲಿಲ್ಲ. ದೋಣಿಯಣ್ಣನಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಅದೊಂದೇ. ಚುಕ್ಕಾಣಿ ಬಿಡುವ ಮೊದಲು ತಮ್ಮ ಒಮ್ಮೆ ಎಂಜಿನ್ ಪಕ್ಕದ ತನ್ನ ಹಲಗೆಯ ಮೇಲೆ ಕೂರಬೇಕು. ಆ ಹಲಗೆಯಲ್ಲಿ ಬೇರೆ ಯಾರನ್ನೂ ಅವನು ಕೂರಿಸುತ್ತಿರಲಿಲ್ಲ.

ಅಂಥಾದ್ದರಲ್ಲಿ ಆ ಬೇಸಗೆ ಎಂಜಿನ್ ಮತ್ತೆ ಕಾಯತೊಡಗಿತು.

ಮೊದಮೊದಲು ಕಾವಿನ ಮುಳ್ಳು ನಡುಹೊಳೆ ದಾಟಿದ ಮೇಲೆ ಏರುತ್ತಿತ್ತು. ಆಮೇಲೆ ದಡ ಬಿಟ್ಟ ಸ್ವಲ್ಪ ಹೊತ್ತಿಗೇ ಏರತೊಡಗಿತು. ದೋಣಿಯಣ್ಣ ತನಗೆ ತಿಳಿದ ಮದ್ದೆಲ್ಲ ಮಾಡಿದ. ಎಂಜಿನ್ನಿನ ಮುಚ್ಚಳ ತೆಗೆದಿಟ್ಟ. ಗೋಣಿಚೀಲ ಒದ್ದೆ ಮಾಡಿ ಹೊದಿಸಿದ. ಬೆಲ್ಟ್ ಬಿಗಿ ಮಾಡಿದ. ಮೊಟ್ಟೆ ಮಾರುವವಳು ತನ್ನ ಬುಟ್ಟಿಯನ್ನು ದೋಣಿಯ ಮುಂದಿನ ತುದಿಗೆ ಒಯ್ದು ಇಟ್ಟಳು.

"ಅಲ್ಲಿ ಯಾಕಮ್ಮ, ಇಲ್ಲೇ ಇಡು" ಅಂದ ದೋಣಿಯಣ್ಣ.

"ಬೇಡಪ್ಪ. ನಿನ್ನ ಎಂಜಿನ್ ಪಕ್ಕ ಇಟ್ರೆ ಆಚೆ ದಡಕ್ಕೆ ಹೋಗೋಷ್ಟರಲ್ಲಿ ಬೆಂದಿರ್ತವೆ. ಬೆಂದ ಮೊಟ್ಟೆಗೆ ನನ್ನ ಹತ್ರ ಗಿರಾಕಿ ಇಲ್ಲ."

ಎಲ್ಲರೂ ನಕ್ಕರು, ದೋಣಿಯಣ್ಣನೂ ನಕ್ಕ. ಅದೇ ವಾರ ಹೊಳೆಯ ನಟ್ಟನಡುವೆ ಎಂಜಿನ್ನಿನಿಂದ ಹಬೆ ಎದ್ದು, ಹುಟ್ಟು ಹಾಕಿ ದಡ ಸೇರಬೇಕಾಯಿತು. ಕಡವಿನ ಸಾಹೇಬರು, ದೋಣಿಗಳಿಗೆ ಪರವಾನಗಿ ಕೊಡುವವರು, ಬಂದು ಎಂಜಿನ್ ನೋಡಿ, ಬೆರಳಿಲ್ಲದ ಕೈಯನ್ನೂ ನೋಡಿ, ಬೇಸರದಿಂದಲೇ ಹೇಳಿದರು: "ಇನ್ನೊಂದು ಸಲ ಹೀಗಾದ್ರೆ ನಾನು ಬಿಡೋಕಾಗಲ್ಲ. ಸರಿ ಮಾಡಿಸಿ, ಇಲ್ಲ ಗುಜರಿಗೆ ಹಾಕಿ. ಜನ ಕೂರೋ ದೋಣಿ ಇದು."

ಗುಜರಿ ಎಂಬ ಮಾತು ದೋಣಿಯಣ್ಣನ ಎದೆಗೆ ನಾಟಿತು. ದೋಣಿ ಹೋದರೆ ಹಲಗೆ ಹೋಯಿತು. ಹಲಗೆ ಹೋದ ಮೇಲೆ ತಮ್ಮನನ್ನು ಎಲ್ಲಿಗೆಂದು ಕರೆಯುವುದು?

ಕಡವಿನ ಮೆಕ್ಯಾನಿಕ್ಕುಗಳು ಒಬ್ಬೊಬ್ಬರಾಗಿ ಬಂದರು, ಮುಟ್ಟಿ ನೋಡಿದರು. ಒಬ್ಬ, "ಇದರ ವಯಸ್ಸಿಗೆ ಇಷ್ಟು ಓಡಿದ್ದೇ ಪುಣ್ಯ" ಅಂದ. ಇನ್ನೊಬ್ಬ, "ಇದು ಹುಟ್ಟಾ ಉಷ್ಣ ಪ್ರಕೃತಿ, ಬಿಡಿ" ಅಂದ. ಕೊನೆಗೆ ದೋಣಿಯಣ್ಣನ ಹೆಂಡತಿ ಬಟ್ಟೆ ಮಡಚುತ್ತಾ ಹೇಳಿದಳು: "ನಿಮ್ಮ ತಮ್ಮನ ಮಗಳು ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಕೂಡಿಸ್ತಾಳೆ. ಊರಿನವರೆಲ್ಲ ಹೊಗಳ್ತಾರೆ. ಮನೆಯವರಿಗೆ ಮಾತ್ರ ನೆನಪಾಗಲ್ಲ."

"ಅವಳಪ್ಪ ಕಳಿಸ್ತಾನಾ?"

"ನೀವು ಕೇಳಿದ್ರೆ ತಾನೆ ಗೊತ್ತಾಗೋದು? ನೀವು ಕೇಳಲ್ಲ. ನಾನೇ ಕೇಳಿ ಆಯ್ತು. ನಾಳೆ ರಜೆ ಹಾಕಿ ಬರ್ತಾಳೆ."

ಅವಳು ಬಂದಳು. ಭುಜಕ್ಕೆ ಸ್ಪ್ಯಾನರುಗಳ ಚೀಲ, ಮೊಣಕೈವರೆಗೆ ಮಡಚಿದ ತೋಳು. ಅಪ್ಪನದೇ ಹಣೆ, ಅಪ್ಪನದೇ ಮೌನ. ದೊಡ್ಡಮ್ಮ ಕೊಟ್ಟ ಚಹಾ ನಿಂತೇ ಕುಡಿದಳು. ದೋಣಿಗೆ ಇಳಿದವಳು ಎಂಜಿನ್ ಪಕ್ಕದ ಹಲಗೆಯ ಮೇಲೆ ಕೂರಲಿಲ್ಲ, ಮೊಣಕಾಲೂರಿ ಕೂತಳು. ದೋಣಿಯಣ್ಣ ಅದನ್ನು ಗಮನಿಸಿದ.

"ನನಗೆ ಬಸ್ ಗೊತ್ತು ದೊಡ್ಡಪ್ಪ, ದೋಣಿ ಗೊತ್ತಿಲ್ಲ. ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ, ಒಂದು ಸಲ ತೋರಿಸಿ."

ಅವನು ತೋರಿಸಿದ. ದೋಣಿಯ ಅಡಿಯಲ್ಲಿ ಒಂದು ತೂತು. ಅದರ ಹೊರಗೆ ಕಸ ಬರದಂತೆ ಹಿತ್ತಾಳೆಯ ಜಾಲರಿ. ಒಳಗೆ ಒಂದು ವಾಲ್ವ್, ಅಲ್ಲಿಂದ ಪೈಪು, ಫಿಲ್ಟರಿನ ಡಬ್ಬಿ, ಆಮೇಲೆ ಪಂಪು. ಪಂಪಿನೊಳಗೆ ಹೂವಿನ ಹಾಗೆ ಎಸಳುಗಳಿರುವ ರಬ್ಬರಿನ ಚಕ್ರ. ಅದು ತಿರುಗಿ ಹೊಳೆಯ ನೀರನ್ನು ಎಳೆದು ಕೂಲರಿಗೆ ನೂಕುತ್ತದೆ. ಕೂಲರಿನ ಸಣ್ಣ ಕೊಳವೆಗಳಲ್ಲಿ ಹರಿದು ಎಂಜಿನ್ನಿನ ಕಾವನ್ನು ಹೊತ್ತುಕೊಂಡ ನೀರು ದೋಣಿಯ ಪಕ್ಕದಿಂದ ಹೊರಗೆ ಬೀಳುತ್ತದೆ. ಹೊಳೆಯಿಂದ ತೆಗೆದುಕೊಂಡು ಹೊಳೆಗೇ ಕೊಡುವುದು, ಅಷ್ಟೇ.

"ಥರ್ಮೋಸ್ಟ್ಯಾಟ್ ಎಲ್ಲಿ? ಅದರ ಜಾಗ ಖಾಲಿ ಇದೆ."

"ಅದು ಮುಚ್ಕೊಂಡು ನೀರು ತಡೀತಿರಬೇಕು ಅಂತ ಬಹಳ ಹಿಂದೆ ತೆಗೆದು ಮೊಳೆಗೆ ನೇತು ಹಾಕಿದೀನಿ."

"ಮನೇಲಿ ಕಳ್ಳ ಇದಾನೆ ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ ಆಯ್ತಲ್ಲ ದೊಡ್ಡಪ್ಪ!" ಅವಳು ಮೊದಲ ಸಲ ನಕ್ಕಳು. ಥರ್ಮೋಸ್ಟ್ಯಾಟನ್ನು ದೊಡ್ಡಮ್ಮನ ಒಲೆಯ ಮೇಲೆ ಕುದಿಯುವ ನೀರಿನಲ್ಲಿ ಮುಳುಗಿಸಿ, ಅದು ಬಿಸಿಗೆ ಬಾಯಿ ತೆರೆಯುವುದನ್ನೂ ತಣ್ಣಗಾದಾಗ ಮುಚ್ಚುವುದನ್ನೂ ನೋಡಿ, "ಪಾಪ, ಇದು ನಿರಪರಾಧಿ" ಎಂದು ತಂದು ಮತ್ತೆ ಅದರ ಜಾಗದಲ್ಲಿ ಕೂರಿಸಿದಳು.

ಆಮೇಲೆ ಕೂಲರಿನ ಮುಚ್ಚಳದ ಬೋಲ್ಟುಗಳನ್ನು ಸಡಿಲಿಸುತ್ತಾ, ತಲೆಯೆತ್ತದೆ ಹೇಳಿದಳು: "ಅಪ್ಪ ಒಂದೇ ಮಾತು ಹೇಳಿ ಕಳಿಸಿದ್ದು. ಮೊದಲು ಎಸಳು ಹುಡುಕು ಅಂತ."

ದೋಣಿಯಣ್ಣನಿಗೆ ಅರ್ಥವಾಯಿತು. ಅವಘಡದ ಹಿಂದಿನ ದಿನ ಪಂಪಿನ ರಬ್ಬರ್ ಚಕ್ರ ಮುರಿದಿತ್ತು. ತಮ್ಮ ಹೊಸದು ಹಾಕಿದ. ಹಳೆಯದರಲ್ಲಿ ಒಂದು ಎಸಳು ಇರಲಿಲ್ಲ. ಅದು ನೀರಿನೊಂದಿಗೆ ಮುಂದೆ ಹೋಗಿ ಕೂಲರಿನ ಬಾಯಿಗೆ ಅಡ್ಡ ಕೂತಿರಬಹುದು, ಬಿಚ್ಚಿ ನೋಡಬೇಕು ಅಂದ. ದಡದಲ್ಲಿ ಜನ ಕಾಯುತ್ತಿದ್ದರು. 'ನಾಳೆ ನೋಡೋಣ ಬಿಡೋ' ಎಂದವನು ಅಣ್ಣನೇ. ಮರುದಿನ ಎಂಜಿನ್ ಕಚ್ಚಿಕೊಂಡಿತು, ಬೆರಳು ಹೋದವು. ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ತಮ್ಮ ತಾನಾಗಿಯೇ ಹೇಳಿದ್ದ: "ಆ ಎಸಳೇ ಅಣ್ಣ. ನಾನು ಹುಡುಕದೆ ಬಿಡಬಾರದಿತ್ತು." ಅಣ್ಣ ಅವನ ತಲೆಯ ಮೇಲೆ ಬ್ಯಾಂಡೇಜು ಸುತ್ತಿದ ಕೈಯಿಟ್ಟು, "ಕ್ಷಮಿಸಿದೀನಿ ಹೋಗು" ಎಂದಿದ್ದ. ಆಮೇಲೆ ವರ್ಕ್‌ಶಾಪಿನವರು ಪಿಸ್ಟನ್ ಬದಲಿಸಿ, ಮೆಲ್ಲಗೆ ಓಡಿಸಿ ಎಂದು ಹೇಳಿ ಕಳಿಸಿದ್ದರು. ಕೂಲರನ್ನು ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ.

ಮುಚ್ಚಳ ಬಿಡಿಸಿಕೊಂಡು ಬಂತು. ಅವಳು ಟಾರ್ಚ್ ಹಾಕಿ ನೋಡಿದಳು. ಬೆರಳು ತೂರಿಸಿದಳು. ಮುಚ್ಚಳದ ತಗ್ಗಿನ ಒಂದು ಮೂಲೆಯಿಂದ ಉಗುರಿನಷ್ಟು ಕರಿಯ ಚೂರನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ಸಿಕ್ತು."

ದೋಣಿಯಣ್ಣ ಕಣ್ಣು ಮುಚ್ಚಿದ. 'ಹಾಗಾದ್ರೆ ಅದೇ' ಅಂದುಕೊಂಡ. ಅವನ ಮನಸ್ಸಿಗೆ ದುಃಖವಾಗಲಿಲ್ಲ, ಒಂದು ಬಗೆಯ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ಅವನು ಆಮೇಲೆ ಬಹಳ ದಿನ ನೆನೆದು ನಾಚಿದ.

"ಅದೇ ಅಲ್ಲ ದೊಡ್ಡಪ್ಪ" ಅಂದಳು ಅವಳು, ಅವನು ಬಾಯಿ ಬಿಟ್ಟು ಹೇಳದಿದ್ದರೂ. "ಇದು ಮೂಲೇಲಿ ಬಿದ್ದಿತ್ತು. ಒಂದು ಕೊಳವೆಯನ್ನೂ ಮುಚ್ಚಿಲ್ಲ. ನೋಡಿ, ಎಲ್ಲಾದರಲ್ಲೂ ಆಚೆ ಬದಿಯ ಬೆಳಕು ಕಾಣುತ್ತೆ."

ಅವನು ಬಗ್ಗಿ ನೋಡಿದ. ಕೊಳವೆಗಳೆಲ್ಲ ತೆರೆದಿದ್ದವು.

"ಹಾಗಾದ್ರೆ ಇದು ಕಾಯೋದು ಯಾಕೆ?"

"ಗೊತ್ತಿಲ್ಲ. ಒಂದು ಬಕೆಟ್ ಕೊಡಿ. ಎರಡಿದ್ರೆ ಎರಡೂ."

ಅವಳು ಎಲ್ಲವನ್ನೂ ಮೊದಲಿನಂತೆ ಕೂಡಿಸಿ, ಪಂಪಿಗೆ ಬರುವ ಪೈಪನ್ನು ಫಿಲ್ಟರಿನಿಂದ ಕಳಚಿ, ತುದಿಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿದಳು. ಎಂಜಿನ್ ಚಾಲೂ ಮಾಡಿದರು. ಬಕೆಟ್ಟು ನೋಡನೋಡುತ್ತ ಬರಿದಾಯಿತು. ದೊಡ್ಡಮ್ಮ ಒಂದು ಕಡೆ, ದೋಣಿಯಣ್ಣ ಒಂದು ಕಡೆ ಹೊಳೆಯಿಂದ ಮೊಗೆಮೊಗೆದು ತುಂಬಿಸಿದರು. ದೋಣಿಯ ಪಕ್ಕದಿಂದ ನೀರು ದಪ್ಪನೆಯ ಧಾರೆಯಾಗಿ ಬೀಳತೊಡಗಿತು. ಅಷ್ಟು ದಪ್ಪನೆಯ ಧಾರೆಯನ್ನು ದೋಣಿಯಣ್ಣ ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಕಾವಿನ ಮುಳ್ಳು ಏರಿ, ಅರ್ಧದಲ್ಲಿ ನಿಂತು, ಅಲುಗಲಿಲ್ಲ.

"ಸಾಕು ಕಣೇ, ಸೊಂಟ ಹೋಯ್ತು" ಅಂದಳು ದೊಡ್ಡಮ್ಮ. "ಇನ್ನು ಮೇಲೆ ನಿಮ್ಮ ದೊಡ್ಡಪ್ಪ ದೋಣಿ ಓಡಿಸೋದು, ನಾನು ಹಿಂದೆ ಕೂತು ಬಕೆಟ್ ಹೊಯ್ಯೋದು. ಹೀಗೇನಾ?"

ಹುಡುಗಿ ನಗಲಿಲ್ಲ. "ಪಂಪ್ ಚೆನ್ನಾಗಿದೆ, ಕೂಲರ್ ಚೆನ್ನಾಗಿದೆ, ಎಂಜಿನ್ನೂ ಚೆನ್ನಾಗಿದೆ. ಕೊಟ್ರೆ ಕುಡಿಯುತ್ತೆ. ಕೊಡ್ತಾ ಇಲ್ಲ ಯಾರೋ" ಎಂದು ಎಂಜಿನ್ ನಿಲ್ಲಿಸಿ, ದೋಣಿಯ ಅಡಿಯ ವಾಲ್ವಿನ ಮೇಲಿನ ಪೈಪನ್ನು ಕಳಚಿದಳು. "ಈಗ ಇದನ್ನ ತೆರೆದ್ರೆ ಹೊಳೆ ಒಳಗೆ ನುಗ್ಗಬೇಕು. ಬಟ್ಟೆ ಹಿಡ್ಕೊಂಡು ನಿಂತಿರಿ" ಎಂದು ಹಿಡಿ ತಿರುಗಿಸಿದಳು.

ಹೊಳೆ ನುಗ್ಗಲಿಲ್ಲ. ಒಸರಿತು. ಹಳೆಯ ನಲ್ಲಿಯಿಂದ ಒಸರುವಂತೆ, ನಾಚಿಕೊಂಡು.

ಅವಳು ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಮುಚ್ಚಿದಳು.

"ಜಾಲರಿಗೆ ಏನೋ ಆಗಿದೆ. ದೋಣಿ ಮೇಲೆ ಎಳೀಬೇಕು" ಅಂದಳು ಅವಳು.

"ಅಡಿಯಲ್ಲಿ ಏನಾಗುತ್ತೆ?" ಎಂದ ದೋಣಿಯಣ್ಣ. "ಅಡಿ ನಂದು. ವರ್ಷಾವರ್ಷ ನಾನೇ ಕೆರೆದು, ನಾನೇ ಬಣ್ಣ ಬಳೀತೀನಿ. ಒಂದು ಪಾಚಿ ಇರಲ್ಲ, ಒಂದು ಚಿಪ್ಪು ಅಂಟಿರಲ್ಲ. ಬೇಕಾದ್ರೆ ಕಡವಲ್ಲಿ ಯಾರನ್ನಾದ್ರೂ ಕೇಳು."

ಅದು ನಿಜ. ಈ ದೋಣಿಯನ್ನು ಕಟ್ಟಿದವನು ಅವರಪ್ಪ. ಸಾಯುವ ಮೊದಲು ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಹೇಳಿದ್ದ: "ಮರ ದೊಡ್ಡವನದು, ಕಬ್ಬಿಣ ಚಿಕ್ಕವನದು. ಅವನ ಕೆಲಸದಲ್ಲಿ ನೀನು ಕೈ ಹಾಕಬೇಡ, ನಿನ್ನ ಕೆಲಸದಲ್ಲಿ ಅವನು. ಕೈ ಹಾಕಿದ ದಿನ ದೋಣಿ ಇಬ್ಭಾಗ ಆಗುತ್ತೆ." ಮಕ್ಕಳು ಅದನ್ನು ದೇವರ ಮಾತಿನ ಹಾಗೆ ನಡೆಸಿದರು. ತಮ್ಮ ದೋಣಿಯಲ್ಲಿರುವವರೆಗೆ ಅಣ್ಣ ಎಂಜಿನ್ನಿನ ಒಂದು ನಟ್ಟು ಮುಟ್ಟಲಿಲ್ಲ. ತಮ್ಮ ಹಲಗೆಯ ಒಂದು ಮೊಳೆ ಮುಟ್ಟಲಿಲ್ಲ. ದೋಣಿ ಮೇಲೆಳೆದಾಗ ತಮ್ಮ ಅದರ ಅಡಿಗೆ ಬಗ್ಗಿಯೂ ನೋಡುತ್ತಿರಲಿಲ್ಲ. ಅಣ್ಣನ ಕೆಲಸವನ್ನು ಪರೀಕ್ಷೆ ಮಾಡಿದಂತಾಗುತ್ತದೆ ಎಂಬ ಗೌರವ.

ಜಾಲರಿ ಮರವಲ್ಲ, ಕಬ್ಬಿಣವೂ ಅಲ್ಲ. ಹಿತ್ತಾಳೆ ಯಾರದು ಎಂದು ಅಪ್ಪ ಹೇಳಿರಲಿಲ್ಲ.

ಕಡವಿನ ಜನರನ್ನು ಕೂಗಿ, ಹಗ್ಗ ಕಟ್ಟಿ, ಉರುಳೆಗಳ ಮೇಲೆ ದೋಣಿಯನ್ನು ಇಳಿಜಾರಿಗೆ ಎಳೆದರು. ಎಳೆದವರಿಗೆಲ್ಲ ದೊಡ್ಡಮ್ಮ ಚಹಾ ತರಲು ಹೋದಳು. ಹುಡುಗಿ ಅಂಗಾತ ಮಲಗಿ ಅಡಿಗೆ ಜಾರಿದಳು. ದೋಣಿಯಣ್ಣ ಕಷ್ಟಪಟ್ಟು ಅವಳ ಪಕ್ಕ ಕುಕ್ಕರಿಸಿದ. ಅಡಿಭಾಗ ಬೂದುಬಣ್ಣದಲ್ಲಿ ನುಣ್ಣಗೆ, ಒಂದು ಗೀರಿಲ್ಲದೆ, ಮೊಟ್ಟೆಯ ಹಾಗಿತ್ತು.

"ಜಾಲರಿ ಎಲ್ಲಿ ದೊಡ್ಡಪ್ಪ?"

"ಅಲ್ಲೇ. ನಿನ್ನ ಮೂಗಿನ ಮುಂದೆ."

ಅವಳು ಅಂಗೈಯಿಂದ ಸವರಿದಳು. ಅಲ್ಲಿ ಒಂದು ಉಬ್ಬು, ಉಬ್ಬಿನ ಮೇಲೆ ಸಾಲಾಗಿ ತಗ್ಗುಗಳು. ತಗ್ಗುಗಳು ಬಣ್ಣದಿಂದ ತುಂಬಿದ್ದವು. ಎಲ್ಲೋ ಕೆಲವು ಕಡೆ ಸೂಜಿ ಹೋಗುವಷ್ಟು ತೂತು ಉಳಿದಿತ್ತು. ಇಷ್ಟು ವರ್ಷ ಆ ಎಂಜಿನ್ ಅಷ್ಟರಿಂದಲೇ ಉಸಿರೆಳೆದಿತ್ತು.

ಅವಳು ಸ್ಕ್ರೂಗಳ ತಲೆ ಹುಡುಕಿ, ಬಣ್ಣ ಕೆರೆದು, ಜಾಲರಿಯನ್ನು ಬಿಚ್ಚಿ ಹೊರಗೆ ಬೆಳಕಿಗೆ ತಂದಳು. ಚೂರಿಯಿಂದ ಒಂದು ತೂತಿನ ಅಂಚನ್ನು ಓರೆಯಾಗಿ ಕತ್ತರಿಸಿದಳು. ಬಣ್ಣದ ಪದರಗಳು ಒಂದರ ಕೆಳಗೊಂದು ಕಂಡವು. ಮೇಲೆ ಬೂದು. ಕೆಳಗೆ ಹಸಿರು. ಮತ್ತೆ ಬೂದು. ನೀಲಿ. ಹೀಗೆ ವರ್ಷಕ್ಕೊಂದರಂತೆ ಇನ್ನೂ ಎಷ್ಟೋ, ಎಲ್ಲವೂ ಕಾಗದದಷ್ಟು ತೆಳ್ಳಗೆ. ಅವುಗಳ ಕೆಳಗೆ, ಹಿತ್ತಾಳೆಗೆ ಹತ್ತಿರ, ಅಷ್ಟನ್ನೂ ಸೇರಿಸಿದರೂ ಮೀರುವಷ್ಟು ದಪ್ಪನೆಯ ಕೆಂಪು. ತೂತಿನ ಮುಕ್ಕಾಲು ಪಾಲು ಆ ಕೆಂಪಿನಲ್ಲೇ ಮುಚ್ಚಿತ್ತು.

"ಕೆಂಪು ಯಾವಾಗ ಬಳಿದಿದ್ದು?" ಎಂದು ಕೇಳಿದವಳು, ಕೇಳುತ್ತಲೇ ತಡೆದಳು. ಅವಳಿಗೆ ನೆನಪಾಗಿತ್ತು.

ದೋಣಿಯಣ್ಣನಿಗೂ ನೆನಪಾಗಿತ್ತು. ಅವಳು ಶಾಲೆಗೆ ಸೇರಿದ ವರ್ಷ. ದೊಡ್ಡಪ್ಪನ ಹೆಗಲ ಮೇಲೆ ಕೂತು ಬಣ್ಣದಂಗಡಿಗೆ ಹೋಗಿ, ಬೇರೆ ಯಾವುದೂ ಬೇಡ, ಕೆಂಪೇ ಬೇಕೆಂದು ಕಾಲು ಬಡಿದಿದ್ದಳು. ತಮ್ಮನ ಮಗಳ ಆಸೆಯೆಂದು ದೋಣಿಯಣ್ಣ ಆ ವರ್ಷ ಒಂದರ ಮೇಲೊಂದು ಕೈ ಬಳಿದಿದ್ದ. ಒಂದು ಅಂಗುಲವನ್ನೂ ಬಿಟ್ಟಿರಲಿಲ್ಲ. ಅದೇ ವರ್ಷ ಪಂಪಿನ ಎಸಳು ಮುರಿದದ್ದು, ಎಂಜಿನ್ ಕಚ್ಚಿಕೊಂಡದ್ದು, ಬೆರಳು ಹೋದದ್ದು.

"ನೀರಿಲ್ಲದೆ ತಿರುಗಿದ್ರೆ ರಬ್ಬರ್ ಸುಟ್ಟು ಮುರಿಯುತ್ತೆ ದೊಡ್ಡಪ್ಪ" ಎಂದಳು ಅವಳು ಬಹಳ ಮೆಲ್ಲಗೆ. "ಎಸಳು ಮುರಿದಿದ್ದಕ್ಕೆ ನೀರು ನಿಂತಿದ್ದಲ್ಲ. ನೀರು ನಿಂತಿದ್ದಕ್ಕೆ ಎಸಳು ಮುರಿದಿದ್ದು."

ಅವನು ಜಾಲರಿಯನ್ನು ತೆಗೆದುಕೊಂಡ. ಹೆಬ್ಬೆರಳಿನಿಂದ ತೂತುಗಳನ್ನು ಒಂದೊಂದಾಗಿ ಒರೆಸಿದ, ಒರೆಸಿದರೆ ತೆರೆದುಕೊಳ್ಳುತ್ತವೆಯೋ ಎಂಬಂತೆ. ಚಹಾ ತಂದ ಹೆಂಡತಿ ಅವನ ಮುಖ ನೋಡಿ ಲೋಟಗಳನ್ನು ನೆಲಕ್ಕಿಟ್ಟಳು.

"ಏನಾಯ್ತು?"

"ನಾನು ಅವನನ್ನ ಕ್ಷಮಿಸಿದ್ದೆ ಕಣೇ" ಅಂದ ದೋಣಿಯಣ್ಣ. "ಊರಿಗೆಲ್ಲ ಹೇಳ್ಕೊಂಡು ಬಂದೆ."

ಅವಳಿಗೆ ಪೂರ್ತಿ ತಿಳಿಯಲಿಲ್ಲ. ತಿಳಿದಷ್ಟಕ್ಕೆ ಅವಳು ಅವನ ಭುಜ ಮುಟ್ಟಿದಳು. ಹುಡುಗಿ ಮುಖ ತಿರುಗಿಸಿ ಸ್ಪ್ಯಾನರುಗಳನ್ನು ಒರೆಸತೊಡಗಿದಳು. ಅವಳ ಅಪ್ಪನಿಗೂ ದುಃಖ ಬಂದಾಗ ಸಲಕರಣೆ ಒರೆಸುವ ಅಭ್ಯಾಸವಿತ್ತು.

ಮಧ್ಯಾಹ್ನ ಅವನು ಪೇಟೆಬೀದಿಯ ಏರು ಹತ್ತಿದ. ಒಂದು ಜೇಬಿನಲ್ಲಿ ಜಾಲರಿ, ಇನ್ನೊಂದರಲ್ಲಿ ಎಸಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಾ ಹೋದ. ಕ್ಷಮಿಸುವ ಮಾತು ಎಷ್ಟೋ ವರ್ಷಗಳಿಂದ ನಾಲಿಗೆಯ ತುದಿಯಲ್ಲೇ ಇತ್ತು. ಕೇಳುವ ಮಾತು ಎಲ್ಲಿಂದಲೋ ಹೊಸದಾಗಿ ತರಬೇಕಿತ್ತು. ದೇವರ ಮುಂದೆ ಅಷ್ಟು ಸಲ ಬಾಗಿದವನಿಗೆ ಮನುಷ್ಯನ ಮುಂದೆ ಹೇಗೆ ಬಾಗುವುದೆಂಬುದು ತಿಳಿಯದೆ ಹೋಗಿತ್ತು.

ಅಂಗಡಿಯ ತುಂಬ ಕೊಡೆಗಳು, ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದವು. ಅವುಗಳ ಕೆಳಗೆ ತಮ್ಮ ಕೂತಿದ್ದ. ಕನ್ನಡಕ ದಪ್ಪವಾಗಿತ್ತು. ಕೈ ಸಣ್ಣಗೆ ನಡುಗುತ್ತಿತ್ತು. ಆ ನಡುಕ ಯಾವಾಗಿನಿಂದ ಶುರುವಾಯಿತೆಂಬುದು ಅಣ್ಣನಿಗೆ ಗೊತ್ತಿರಲಿಲ್ಲ.

"ಬಾ ಅಣ್ಣ. ಕೂತ್ಕೋ. ಎಸಳು ಸಿಕ್ತಾ?"

"ಸಿಕ್ತು."

ತಮ್ಮ ಕಡ್ಡಿ ಕೆಳಗಿಟ್ಟ. "ನಾನು ಅವತ್ತೇ ಹೇಳಿದ್ನಲ್ಲ."

"ಅದಲ್ಲ ಕಣೋ." ಅಣ್ಣ ಎರಡನ್ನೂ ಮೇಜಿನ ಮೇಲಿಟ್ಟ. ದಾರಿಯಲ್ಲಿ ಜೋಡಿಸಿದ ಮಾತೆಲ್ಲ ಚೆದುರಿ ಹೋಯಿತು. "ಎಸಳು ಏನೂ ಮಾಡಿರಲಿಲ್ಲ. ಮೂಲೇಲಿ ಸುಮ್ನೆ ಬಿದ್ದಿತ್ತು. ಇದು ನೋಡು. ಬಣ್ಣ. ನಾನು ಬಳಿದಿದ್ದು. ನೀರು ಹೋಗೋ ಬಾಯಿಗೆ ನಾನೇ ಬಳಿದು ಮುಚ್ಚಿದ್ದು."

ತಮ್ಮ ಜಾಲರಿಯನ್ನು ಕನ್ನಡಕದ ಹತ್ತಿರ ಹಿಡಿದ. ಮಗಳು ಕತ್ತರಿಸಿದ ಅಂಚಿನ ಮೇಲೆ ಉಗುರು ಓಡಿಸಿದ. ಬೂದು, ಹಸಿರು, ನೀಲಿ. ಕೆಂಪಿಗೆ ಬಂದು ಉಗುರು ನಿಂತಿತು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಇಳಿದು ಹೋದರು.

"ಹಾಗಾದ್ರೆ ನನ್ನ ಕೆಲಸ ಸರಿ ಇತ್ತು" ಅಂದ.

"ಸರಿ ಇತ್ತು."

"ನನ್ನ ಕೈ ಸರಿ ಇತ್ತು."

"ಸರಿ ಇತ್ತು ಕಣೋ. ನನ್ನನ್ನ ನೀನು..." ಅಣ್ಣ ಬೆರಳಿಲ್ಲದ ಕೈಯನ್ನು ಮೇಜಿನ ಮೇಲಿಂದ ಕೆಳಗೆ ತೆಗೆದುಕೊಂಡ. ಅದು ಮೇಜಿನ ಮೇಲಿರುವುದೇ ತಪ್ಪೆನಿಸಿತು.

ತಮ್ಮ ನೇತಾಡುವ ಕೊಡೆಗಳನ್ನು ಒಮ್ಮೆ ಸುತ್ತಲೂ ನೋಡಿದ. ಬೇರೆಯವರ ಅಂಗಡಿಗೆ ಬಂದವನ ಹಾಗೆ ನೋಡಿದ. "ಅಣ್ಣ, ಹಾಗಾದ್ರೆ ನಾನು ಇಷ್ಟು ವರ್ಷ ಈ ಕೊಡೆ ರಿಪೇರಿ ಯಾಕೆ ಮಾಡ್ದೆ?"

ತಮ್ಮ ತನ್ನ ಕೈಯನ್ನು ಅಣ್ಣನ ಮುಂದೆ ಚಾಚಿದ.

"ಕೆಟ್ಟ ಕೈ ಇದು, ಜನರ ಜೀವ ನಂಬಿ ಕೊಡಬಾರದು, ಕೊಡೆ ಕೊಟ್ರೆ ಹೆಚ್ಚೆಂದರೆ ತಲೆ ನೆನೆಯುತ್ತೆ. ಹಾಗಂತ ಒಪ್ಪಿಸಿ ಕೂರಿಸಿದ್ದೆ ಇದನ್ನ. ಈಗ ನಡುಗೋಕೆ ಶುರುವಾದ ಮೇಲೆ ಬಂದು, ಒಳ್ಳೇ ಕೈ ಅಂತೀಯ."

"ನಾನು ಎಷ್ಟು ಸಲ ಹೇಳಿ ಕಳಿಸಿದೆ, ಬಾ ಅಂತ..."

"ಕ್ಷಮಿಸಿದೀನಿ ಬಾ ಅಂತ." ತಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ಕಡವಿಗೆ ಬರೋ ಹೋಗೋ ಎಲ್ಲರ ಕೈಲೂ ಹೇಳಿಸಿದೆ. ಕೊಡೆ ಕೊಡೋಕೆ ಬಂದವರೂ ಹೇಳೋರು, ನಿಮ್ಮಣ್ಣ ದೇವರಂಥವರು ಅಂತ. ಅದನ್ನ ಹೊತ್ಕೊಂಡು ನಿನ್ನ ದೋಣೀಲಿ ಹೇಗೆ ಕೂರ್ಲಿ? ಒಂದು ದಿನ ಬಂದು ಈ ಬಾಗಿಲಲ್ಲಿ ನಿಂತು, ಹಾಳಾದವನೇ, ನನ್ನ ಬೆರಳು ತಿಂದೆಯಲ್ಲೋ ಅಂತ ಬೈದಿದ್ರೆ, ಅವತ್ತೇ ಬಂದುಬಿಡ್ತಿದ್ದೆ."

ದೋಣಿಯಣ್ಣ ಅತ್ತ. ಸದ್ದಿಲ್ಲದೆ, ವಯಸ್ಸಾದವರು ಅಳುವಂತೆ. ತಮ್ಮ ಎದ್ದು ಒಂದು ಲೋಟ ನೀರು ತಂದು ಮುಂದಿಟ್ಟ. ಆಮೇಲೆ ತನ್ನ ಜಾಗಕ್ಕೆ ಹೋಗಿ ಕೂತು, ಜಾಲರಿಯನ್ನು ಒಂದು ಹಳೆಯ ಬಟ್ಟೆಯ ಮೇಲಿಟ್ಟುಕೊಂಡು, ಸೂಜಿಮೊನೆಯ ಸಣ್ಣ ಸಲಕರಣೆಯಿಂದ ತೂತುಗಳನ್ನು ಬಿಡಿಸತೊಡಗಿದ. ಕೈ ನಡುಗುತ್ತಿದ್ದರೂ ಮೊನೆ ಹಿತ್ತಾಳೆಯನ್ನು ಒಮ್ಮೆಯೂ ಗೀರಲಿಲ್ಲ.

"ನಾನೂ ನೋಡಬೇಕಿತ್ತು" ಅಂದ, ತಲೆಯೆತ್ತದೆ. "ಒಂದು ಸಲ ಬಗ್ಗಿ ನೋಡಿದ್ರೆ ಆಗಿತ್ತು. ನಿನ್ನ ಕಡೆ ಅಂತ ಬಿಟ್ಟೆ. ಅಪ್ಪ ಹೇಳಿದ್ದ ನೋಡು, ಕೈ ಹಾಕಿದ್ರೆ ದೋಣಿ ಇಬ್ಭಾಗ ಆಗುತ್ತೆ ಅಂತ. ಹಾಕದೇನೇ ಆಯ್ತು."

ಕೆಂಪು ಪುಡಿ ಬಟ್ಟೆಯ ಮೇಲೆ ಉದುರುತ್ತಿತ್ತು. ಅಣ್ಣ ಅದನ್ನೇ ನೋಡುತ್ತ ಸಂಜೆಯವರೆಗೆ ಕೂತ. ಕೊನೆಗೆ ತಮ್ಮ ಜಾಲರಿಯನ್ನು ಬೆಳಕಿಗೆ ಹಿಡಿದು, ಎಲ್ಲ ತೂತುಗಳಿಂದಲೂ ಬೀದಿಯನ್ನು ನೋಡಿ, ಅವನ ಕೈಗೆ ಕೊಟ್ಟ. "ಇನ್ನು ಇದಕ್ಕೆ ಬಣ್ಣ ಬಳೀಬೇಡ" ಅಂದ. ಕ್ಷಮೆಯ ಮಾತು ಯಾರೂ ಆಡಲಿಲ್ಲ. ಆಡುವುದಕ್ಕೆ ಅದು ಬಹಳ ಸವೆದ ಮಾತಾಗಿತ್ತು.

ಮರುದಿನ ಮುಂಜಾನೆ ಜಾಲರಿ ಕೂರಿಸಿ ದೋಣಿಯನ್ನು ನೀರಿಗಿಳಿಸಿದರು. ಹುಡುಗಿ ಎಂಜಿನ್ ಚಾಲೂ ಮಾಡಿ, ಮುಳ್ಳು ನೋಡಿ, ಡಿಪೋಗೆ ಹೊತ್ತಾಯಿತೆಂದು ದಡಕ್ಕೆ ಹಾರಿದಳು. ಸಾಹೇಬರು ಬಂದು ನೋಡಿ ತಲೆಯಾಡಿಸಿದರು. ಜನ ಹತ್ತಿದರು. ಮೊಟ್ಟೆಯವಳು ಬುಟ್ಟಿ ಎಲ್ಲಿಡಲಿ ಎಂದು ಅನುಮಾನಿಸುತ್ತಿದ್ದಾಗ, ಕಡವಿನ ಮೆಟ್ಟಿಲಿನಲ್ಲಿ ತಮ್ಮ ಕಂಡ. ಕಂಕುಳಲ್ಲಿ ಆಚೆ ದಡದ ಯಾರದೋ ರಿಪೇರಿಯಾದ ಕೊಡೆ.

ದೋಣಿಯಣ್ಣ ಎದ್ದು ನಿಂತ. ಬಾ ಎನ್ನಲು ಬಾಯಿ ತೆರೆದು, ಸುಮ್ಮನಾದ.

ತಮ್ಮ ಕೊನೆಯ ಮೆಟ್ಟಿಲಿಗೆ ಇಳಿದು, ಕುಕ್ಕರಿಸಿ, ದೋಣಿಯ ಪಕ್ಕದಿಂದ ಬೀಳುವ ಧಾರೆಗೆ ಅಂಗೈ ಒಡ್ಡಿದ. ಹಿಂದೆ ಪ್ರತಿ ಬೆಳಗೂ ಹೀಗೆಯೇ ಒಡ್ಡುತ್ತಿದ್ದ. ಮೀಟರು ಸುಳ್ಳು ಹೇಳಬಹುದು, ನೀರು ಹೇಳುವುದಿಲ್ಲ ಎನ್ನುತ್ತಿದ್ದ. ಬೆಚ್ಚಗಿನ ನೀರು ಅವನ ನಡುಗುವ ಬೆರಳುಗಳ ನಡುವೆ ಹರಿದು ಹೊಳೆಗೆ ಸೇರಿತು. ಕಣ್ಣು ಮುಚ್ಚಿ ಕೇಳಿಸಿಕೊಂಡ.

"ಹದ ಇದೆ" ಅಂದ.

"ಹಲಗೆ ಖಾಲಿ ಇದೆ" ಅಂದ ಅಣ್ಣ.

ತಮ್ಮ ಹಲಗೆಯನ್ನು ನೋಡಿದ. ವರ್ಷಾವರ್ಷ ಬಣ್ಣ ಕಂಡು ಅದೂ ನುಣ್ಣಗಾಗಿತ್ತು. "ಇವತ್ತು ಬೇಡ ಅಣ್ಣ. ಇವತ್ತು ಸೇತುವೆ ಮೇಲೆ ಹೋಗ್ತೀನಿ. ಕಾಲಿಗೆ ರೂಢಿಯಾಗಿಬಿಟ್ಟಿದೆ" ಎಂದು ಕೈ ಒರೆಸಿಕೊಂಡು ಎದ್ದ.

ದೋಣಿ ದಡ ಬಿಟ್ಟಿತು. ಎಂದಿನಂತೆ 'ಗುಡುಗುಡು' ಎಂದು ಮೆಲ್ಲಗೆ ಹೊರಟಿತು. ಆಗ ಹಿಂದಿನಿಂದ ತಮ್ಮನ ಕೂಗು ಬಂತು, ಎಷ್ಟೋ ವರ್ಷದ ಹಿಂದಿನ ದನಿ, ಎಂಜಿನ್ನಿನ ಸದ್ದಿನ ಮೇಲೆ ಹೇಗೆ ಕೂಗಬೇಕೆಂದು ತಿಳಿದ ದನಿ:

"ಅಣ್ಣೋ! ಅರ್ಧ ಯಾಕೋ? ಪೂರ್ತಿ ಬಿಡು! ಏನೂ ಆಗಲ್ಲ, ಪೂರ್ತಿ ಬಿಡು!"

ದೋಣಿಯಣ್ಣ ಹಿಡಿಯನ್ನು ಮುಂದೆ ನೂಕಿದ. ದೋಣಿ ಮೂತಿಯೆತ್ತಿ, ನೀರನ್ನು ಎರಡು ಕಡೆಗೂ ಸೀಳಿ, ಓಡಿತು. ಜನ ಹೋ ಎಂದು ಹಲಗೆ ಹಿಡಿದುಕೊಂಡರು. "ಅಯ್ಯಯ್ಯೋ, ಬೆಂದಿಲ್ಲ ಅಂದ್ರೆ ಒಡೆದೇ ಹೋಗ್ತವೆ!" ಎಂದು ಮೊಟ್ಟೆಯವಳು ಬುಟ್ಟಿಯನ್ನು ತಬ್ಬಿಕೊಂಡಳು. ಅವನು ತಿರುಗಿ ನೋಡಿದ. ಮೆಟ್ಟಿಲಿನ ಮೇಲೆ ತಮ್ಮ ಆಗಲೇ ಅಂಗೈಯಷ್ಟಾಗಿದ್ದ; ಅಷ್ಟು ಬೇಗ ಅಷ್ಟು ದೂರ ಬಂದುಬಿಡುತ್ತೇವೆಂದು ಅವನು ಎಣಿಸಿರಲಿಲ್ಲ. ಅಂಗೈಯಷ್ಟಿದ್ದವನು ಕೊಡೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಸೇತುವೆಯ ದಾರಿಗೆ ತಿರುಗಿದ.

ನಡುಹೊಳೆ ಬಂತು. ರೂಢಿಯಂತೆ ತುಟಿ ಅಲುಗಿತು. 'ದೇವರೇ, ನನ್ನ ತಮ್ಮನ' ಎಂಬಲ್ಲಿಗೆ ಬಂದು ಮಾತು ನಿಂತಿತು. ಅದರ ಮುಂದಿನ ಮಾತು ಇನ್ನು ನಡೆಯುವುದಿಲ್ಲ. ಬೇರೆ ಮಾತು ಇರಬೇಕು, ಇದ್ದೇ ಇರುತ್ತದೆ ಎಂದು ಅವನು ಹುಡುಕಿದ. ಹುಡುಕುವಷ್ಟರಲ್ಲಿ ದೋಣಿ ಆ ಜಾಗವನ್ನು ದಾಟಿಬಿಟ್ಟಿತ್ತು.